ಮುಟ್ಟು ನಿಂತವಳಿಗೂ ಒಂದು ಚಿಗಳಿ



ನಮ್ಮ ಕಡೆ ಹುಡುಗಿ ಮೈನೆರೆದಳೆಂದರೆ ಮನೆಯಲ್ಲಿ ಮೊದಲು ಕೇಳುತ್ತಿದ್ದುದು ಒರಳಿನ ಸದ್ದು. ಕರಿ ಎಳ್ಳು, ಬೆಲ್ಲ ಕುಟ್ಟಿ ಚಿಗಳಿ ಉಂಡೆ ಮಾಡಿ, "ತಿನ್ನೇ, ಸೊಂಟ ಗಟ್ಟಿಯಾಗುತ್ತೆ" ಅಂತ ಅಜ್ಜಿ ಎದುರಿಗೇ ಕೂತು ತಿನ್ನಿಸುತ್ತಿದ್ದರು. ಅದೇ ಹುಡುಗಿ ಬಾಣಂತಿಯಾದಾಗ ಇನ್ನೊಂದು ಸಲ ಆರೈಕೆ. ಆಮೇಲೆ? ಐವತ್ತರ ಹತ್ತಿರ ಅವಳ ಮುಟ್ಟು ನಿಂತಾಗ "ಸದ್ಯ, ಒಂದು ರಗಳೆ ಕಳೀತು" ಎಂದು ಅವಳೂ ಸುಮ್ಮನಾಗುತ್ತಾಳೆ, ಮನೆಯವರೂ ಸುಮ್ಮನಾಗುತ್ತಾರೆ. ಮೂಳೆಗೆ ಆರೈಕೆ ಬೇಕಾದ ಮೂರನೆಯ ಕಾಲ ಅದೇ ಎಂಬುದು ಯಾರಿಗೂ ನೆನಪಾಗುವುದಿಲ್ಲ.

ನಮ್ಮ ದೊಡ್ಡಮ್ಮನ ವಿಷಯ ಹೇಳುತ್ತೇನೆ. 55ನೇ ವಯಸ್ಸಿನಲ್ಲಿ ಬಾಗಿಲಿಗೆ ರಂಗೋಲಿ ಹಾಕಿ ಏಳುವಾಗ ಕಾಲು ಜಾರಿ, ಕೈ ಊರಿದರು. ಮಣಿಕಟ್ಟಿನ ಮೂಳೆ ಮುರಿಯಿತು. ಆರು ವಾರ ಪಟ್ಟಿ ಹಾಕಿಸಿಕೊಂಡು, "ಗ್ರಹಚಾರ" ಎಂದು ಮರೆತೆವು. ಹನ್ನೆರಡು ವರ್ಷ ಕಳೆದ ಮೇಲೆ ಸ್ನಾನದ ಮಣೆಯಿಂದ ಏಳುವಾಗ ಬಿದ್ದರು. ಬಿದ್ದದ್ದು ಒಂದು ಗೇಣು ಎತ್ತರದಿಂದ. ಮುರಿದದ್ದು ಸೊಂಟದ ಕೀಲಿನ ಮೂಳೆ. "ಹಿಂದೆ ಯಾವಾಗಲಾದರೂ ಮೂಳೆ ಮುರಿದಿತ್ತೇ?" ಎಂದು ವೈದ್ಯರು ಕೇಳಿದಾಗಲೇ ನಮಗೆ ಮಣಿಕಟ್ಟು ನೆನಪಾಗಿದ್ದು. ಅದು ಮೊದಲ ಎಚ್ಚರಿಕೆಯಾಗಿತ್ತಂತೆ. ಆಗಲೇ ಪರೀಕ್ಷೆ ಮಾಡಿಸಿ ಔಷಧಿ ಶುರುಮಾಡಿದ್ದರೆ ಎರಡನೆಯದನ್ನು ತಪ್ಪಿಸಬಹುದಿತ್ತೇನೋ. ದಿನಾ ದೇವಸ್ಥಾನಕ್ಕೆ ನಡೆದುಹೋಗುತ್ತಿದ್ದ ದೊಡ್ಡಮ್ಮ ಈಗ ವಾಕರ್ ಹಿಡಿದು ಮಂಚದಿಂದ ಜಗಲಿಯವರೆಗೆ ಬರುತ್ತಾರೆ. ಅದಕ್ಕೇ ಈ ಸಲ ಈ ವಿಷಯ.

ಒಳಗೆ ಏನಾಗುತ್ತದೆ?

ಮೂಳೆ ಕಲ್ಲಿನಂತೆ ಒಮ್ಮೆ ಗಟ್ಟಿಯಾಗಿ ಹಾಗೇ ಉಳಿಯುವ ವಸ್ತುವಲ್ಲ. ಹಳೆಯದು ಕರಗುತ್ತಾ, ಹೊಸದು ಕಟ್ಟುತ್ತಾ ಇರುತ್ತದೆ. ಸುಮಾರು 30 ವರ್ಷದವರೆಗೆ ಕಟ್ಟುವುದೇ ಹೆಚ್ಚು. ಆಮೇಲೆ ನಿಧಾನವಾಗಿ ಕರಗುವುದು ಮೇಲಾಗುತ್ತದೆ. ಹೆಣ್ಣಿನ ದೇಹದ ಈಸ್ಟ್ರೋಜೆನ್ ಎಂಬ ಹಾರ್ಮೋನು ಈ ಕರಗುವಿಕೆಗೆ ಕಡಿವಾಣ. ಮುಟ್ಟು ನಿಂತಾಗ ಅದು ಕಡಿಮೆಯಾಗಿ, ಮೊದಲ ಐದಾರು ವರ್ಷ ಮೂಳೆ ಬೇಗಬೇಗ ಟೊಳ್ಳಾಗುತ್ತದೆ. ಗರ್ಭಕೋಶದ ಜೊತೆ ಅಂಡಾಶಯವನ್ನೂ ಚಿಕ್ಕ ವಯಸ್ಸಿನಲ್ಲೇ ತೆಗೆಸಿಕೊಂಡವರಿಗೆ ಇದು ಇನ್ನೂ ಮೊದಲೇ ಶುರು.

ಮಂಡಿನೋವು ಬೇರೆ, ಇದು ಬೇರೆ. ಮೂಳೆ ಟೊಳ್ಳಾಗುವುದು ನೋಯುವುದಿಲ್ಲ. ಮುರಿಯುವವರೆಗೂ ಗೊತ್ತೇ ಆಗದಿರಬಹುದು. ಬೆನ್ನು ಬಾಗುವುದು, ಎತ್ತರ ಕಡಿಮೆಯಾಗುವುದು, ಸಣ್ಣ ಪೆಟ್ಟಿಗೆ ಮೂಳೆ ಮುರಿಯುವುದು - ಇವು ಗುರುತುಗಳು. ಇವುಗಳಲ್ಲಿ ಒಂದು ಕಂಡರೂ ವೈದ್ಯರ ಬಳಿ ಹೋಗಿ. ಡೆಕ್ಸಾ ಎಂಬ ಪರೀಕ್ಷೆಯಿಂದ ಮೂಳೆಯ ಸಾಂದ್ರತೆ ತಿಳಿಯುತ್ತದೆ. ಸುಮ್ಮನೆ ಮಲಗಿದ್ದರೆ ಸಾಕು, ಅದರಲ್ಲಿ ನೋವೇನೂ ಇಲ್ಲ.

ನಿಮ್ಮ ಪಾಲಿನ ಹಾಲು ಎಲ್ಲಿ?

ಮನೆಗೆ ದಿನಾ ಒಂದು ಲೀಟರು ಹಾಲು ಬರುತ್ತದೆ ಎನ್ನೋಣ. ಮಕ್ಕಳಿಗೆ ಒಂದೊಂದು ಲೋಟ, ಯಜಮಾನರಿಗೆ ಎರಡು ಸಲ ಕಾಫಿ, ಮಾವನವರಿಗೆ ರಾತ್ರಿ ಹಾಲು, ಉಳಿದದ್ದು ಹೆಪ್ಪಿಗೆ. ನಮಗೆ? ಹಾಲಿನ ಪಾತ್ರೆ ತೊಳೆದ ನೀರಿನಲ್ಲಿ ಮಾಡಿದ ಕಾಫಿ! ನಗಬೇಡಿ, ನಾನೂ ಹಾಗೇ ಕುಡಿದವಳು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ಹೆಂಗಸರಿಗೆ ದಿನಕ್ಕೆ 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ಮುಟ್ಟು ನಿಂತ ಮೇಲೆ 1200. ಮನೆಯ ಅಡಿಗೆಯಲ್ಲೇ ಲೆಕ್ಕ ಹಾಕಿ ನೋಡೋಣ:

ಹಾಲು, ಮೊಸರು ಸೇರಿ ಎರಡು ಲೋಟ (400 ಮಿ.ಲೀ.) - ಸುಮಾರು 480 ಮಿ.ಗ್ರಾಂ.
100 ಗ್ರಾಂ ರಾಗಿ ಹಿಟ್ಟಿನ ಮುದ್ದೆ ಅಥವಾ ರೊಟ್ಟಿ - ಸುಮಾರು 350
ಕರಿ ಎಳ್ಳು 20 ಗ್ರಾಂ (ಎರಡು ಚಮಚ) - ಸುಮಾರು 250
ನುಗ್ಗೆಸೊಪ್ಪು 50 ಗ್ರಾಂ - ಸುಮಾರು 150

ಒಟ್ಟು 1200 ದಾಟಿತು. ಆದರೆ ತಿಂದದ್ದೆಲ್ಲ ಮೈಗೆ ಹತ್ತುವುದಿಲ್ಲ. ರಾಗಿ, ಎಳ್ಳಿನಲ್ಲಿರುವ ಕೆಲವು ಅಂಶಗಳು ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ಳುತ್ತವೆ. ರಾಗಿಯನ್ನು ನೆನೆಸಿ ಮೊಳಕೆ ಕಟ್ಟಿ ಒಣಗಿಸಿ ಬೀಸಿಸಿದರೆ ಆ ತೊಂದರೆ ಕಡಿಮೆ. ಪಾಲಕ್ ಸೊಪ್ಪು ಒಳ್ಳೆಯದೇ, ಆದರೆ ಅದರ ಕ್ಯಾಲ್ಸಿಯಂ ದೇಹಕ್ಕೆ ದಕ್ಕುವುದು ಬಹಳ ಕಡಿಮೆ. ಆದ್ದರಿಂದ ಹಾಲು-ಮೊಸರನ್ನು ಬಿಡಬೇಡಿ. ಬೇಳೆ, ಕಾಳು, ಅಭ್ಯಾಸವಿದ್ದವರಿಗೆ ಮೊಟ್ಟೆ-ಮೀನು ಕೂಡ ಬೇಕು. ಮೂಳೆ ಕಟ್ಟಲು ಪ್ರೋಟೀನೂ ಅಗತ್ಯ.

ಬಿಸಿಲು ಮತ್ತು ನಡಿಗೆ

ಕ್ಯಾಲ್ಸಿಯಂ ಕರುಳಿನಿಂದ ರಕ್ತ ಸೇರಲು ವಿಟಮಿನ್ 'ಡಿ' ಬೇಕು. ಅದನ್ನು ಬಿಸಿಲಿನಲ್ಲಿ ಚರ್ಮವೇ ತಯಾರಿಸಿಕೊಳ್ಳುತ್ತದೆ. ಮಾಳಿಗೆಯ ಮೇಲೆ ಸಂಡಿಗೆ ಹಾಕಿ ಕಾಗೆ ಓಡಿಸುತ್ತಾ ಕೂತಿದ್ದ ನಮ್ಮ ಅಜ್ಜಿಯರಿಗೆ ಅದು ಪುಕ್ಕಟೆ ಸಿಗುತ್ತಿತ್ತು. ನಮ್ಮ ನೆರಳು ನಮಗಿಂತ ಗಿಡ್ಡವಾಗಿರುವ ಹೊತ್ತಿನ ಬಿಸಿಲೇ ಇದಕ್ಕೆ ಬೇಕಾದದ್ದು. ಕೈ, ಮುಖಕ್ಕೆ ಬಿಸಿಲು ತಾಗುವಂತೆ ವಾರದಲ್ಲಿ ಮೂರು-ನಾಲ್ಕು ದಿನ 20-30 ನಿಮಿಷ ಕೂತರೆ ಒಳ್ಳೆಯದು. ಮುಚ್ಚಿದ ಗಾಜಿನ ಕಿಟಕಿಯ ಹಿಂದೆ ಕೂತರೆ ಪ್ರಯೋಜನವಿಲ್ಲ.

ಮೂಳೆಯ ಮೇಲೆ ಭಾರ ಬಿದ್ದರೇನೇ ಅದು ಗಟ್ಟಿಯಾಗುವುದು. "ಮನೆಕೆಲಸವೇ ಸಾಕಷ್ಟಿದೆಯಲ್ಲ" ಎನ್ನಬೇಡಿ; ದಿನಕ್ಕೆ ಅರ್ಧ ಗಂಟೆ ಚುರುಕಾಗಿ ನಡೆಯಿರಿ. ಹಾಲು ಉಕ್ಕುವುದನ್ನು ಕಾಯುತ್ತಾ ನಿಂತಾಗ ಅಡಿಗೆಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸಿ, ಒಂದೊಂದು ಕಾಲಿನ ಮೇಲೆ ಸ್ವಲ್ಪ ಹೊತ್ತು ನಿಲ್ಲಿ. ಬೀಳದಂತೆ ನಿಲ್ಲುವುದೂ ಅಭ್ಯಾಸದಿಂದ ಬರುವಂಥದ್ದು. ಬೆನ್ನುಮೂಳೆ ಈಗಾಗಲೇ ಕುಸಿದಿರುವವರು ಮಾತ್ರ ಸೊಂಟ ಬಗ್ಗಿಸಿ ಕೊಡ ಎತ್ತಬಾರದು. ವೈದ್ಯರನ್ನು ಕೇಳಿಯೇ ವ್ಯಾಯಾಮ ಮಾಡಿ.

ಇವತ್ತೇ ಬಚ್ಚಲುಮನೆ ನೋಡಿ

ಹೊಳೆಯುವ ಟೈಲ್ಸಿನ ಮೇಲೆ ಸೋಪಿನ ನೀರು ನಿಂತರೆ ಅದಕ್ಕಿಂತ ಅಪಾಯ ಬೇರಿಲ್ಲ. ಪಾಚಿ ಉಜ್ಜಿಸಿ. ಗೋಡೆಗೆ ಕೈಹಿಡಿ ಹಾಕಿಸಿ. ತಗ್ಗು ಮಣೆಯ ಬದಲು ಜಾರದಂಥ ಎತ್ತರದ ಸ್ಟೂಲ್ ಇಡಿ. ರಾತ್ರಿ ಪುಟ್ಟ ದೀಪ ಉರಿಯಲಿ. ನಾವು ಕೈಹಿಡಿ ಹಾಕಿಸಿದ್ದು ದೊಡ್ಡಮ್ಮ ಬಿದ್ದ ಮೇಲೆ!

ಮಾತ್ರೆಯ ಮಾತು

ಊಟದಿಂದ ಸಾಲದಿದ್ದರೆ ವೈದ್ಯರು ಕ್ಯಾಲ್ಸಿಯಂ ಮಾತ್ರೆ ಬರೆಯುತ್ತಾರೆ. ಅದನ್ನು ಥೈರಾಯ್ಡ್ ಮಾತ್ರೆಯ ಜೊತೆ ನುಂಗಬೇಡಿ. ನಾಲ್ಕು ಗಂಟೆಯ ಅಂತರವಿರಲಿ. ಕಬ್ಬಿಣದ ಮಾತ್ರೆಯನ್ನೂ ಬೇರೆ ಹೊತ್ತಿಗೆ ತೆಗೆದುಕೊಳ್ಳಿ. ಮೂತ್ರಪಿಂಡದಲ್ಲಿ ಕಲ್ಲು ಇರುವವರು ಮೊದಲೇ ಹೇಳಿ. ಮಂಡಿನೋವಿಗೆಂದು ಯಾರೋ ಕೊಟ್ಟ ಹೆಸರಿಲ್ಲದ ಗುಳಿಗೆ ಬೇಡವೇ ಬೇಡ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ನೋವು ಹೋಗುತ್ತದೆ, ಜೊತೆಗೆ ಮೂಳೆಯೂ ಹೋಗುತ್ತದೆ. ಎಲೆಯಡಿಕೆಯ ಜೊತೆ ಹೊಗೆಸೊಪ್ಪನ್ನೂ ಬಿಡಿ.

ಚಿಗಳಿ ಮಾಡುವ ಬಗೆ

ಬೇಕಾಗುವ ಸಾಮಾನು: ಕರಿ ಎಳ್ಳು 1 ಬಟ್ಟಲು, ಪುಡಿ ಬೆಲ್ಲ ಮುಕ್ಕಾಲು ಬಟ್ಟಲು, ಏಲಕ್ಕಿ 2.

ವಿಧಾನ: ಎಳ್ಳನ್ನು ಆರಿಸಿ, ತೊಳೆದು, ನೆರಳಿನಲ್ಲಿ ಒಣಗಿಸಿ. ಸಣ್ಣ ಉರಿಯಲ್ಲಿ ಚಟಪಟ ಎನ್ನುವವರೆಗೆ ಹುರಿಯಿರಿ, ಸೀದರೆ ಕಹಿಯಾಗುತ್ತದೆ. ಸ್ವಲ್ಪ ಬೆಚ್ಚಗಿರುವಾಗಲೇ ಒರಳಿಗೆ ಹಾಕಿ ಕುಟ್ಟಿ. ಮಿಕ್ಸಿಯಾದರೆ ನಿಲ್ಲಿಸಿ ನಿಲ್ಲಿಸಿ ತಿರುಗಿಸಿ. ಬೆಲ್ಲ, ಏಲಕ್ಕಿ ಸೇರಿಸಿ ಎಣ್ಣೆ ಬಿಡುವವರೆಗೆ ಕುಟ್ಟಿ ನೆಲ್ಲಿಕಾಯಿ ಗಾತ್ರದ ಉಂಡೆ ಕಟ್ಟಿ. ಸಿಪ್ಪೆ ತೆಗೆದ ಬಿಳಿ ಎಳ್ಳು ಬೇಡ. ಕ್ಯಾಲ್ಸಿಯಂ ಬಹುಪಾಲು ಸಿಪ್ಪೆಯಲ್ಲೇ ಇರುವುದು. ಸಕ್ಕರೆ ಕಾಯಿಲೆಯವರು ಬೆಲ್ಲ ಬಿಟ್ಟು, ಎಳ್ಳಿನ ಚಟ್ನಿಪುಡಿ ಮಾಡಿಕೊಂಡು ಮೊಸರಿನ ಜೊತೆ ತಿನ್ನಿ.

ಮಾಡಿದ ಉಂಡೆಯನ್ನು ಡಬ್ಬಿಗೆ ತುಂಬಿ ಮಕ್ಕಳಿಗೆಂದು ಎತ್ತಿಡುತ್ತೀರಿ, ನನಗೆ ಗೊತ್ತು. ಮಗಳಿಗೆ ಕೊಡಿ, ಅವಳ ಮೂಳೆ ಕಟ್ಟುವ ಕಾಲ ಇದು. ಆದರೆ ಮೊದಲ ಎರಡು ಉಂಡೆ ನಿಮ್ಮ ತಟ್ಟೆಗೆ ಬರಲಿ. ಪಕ್ಕದ ಕೋಣೆಯಲ್ಲಿ ಅತ್ತೆಯವರಿದ್ದರೆ ಅವರಿಗೂ ಒಂದು ಕೊಟ್ಟು ಬನ್ನಿ. ಹಲ್ಲಿಲ್ಲದಿದ್ದರೆ ಪುಡಿ ಮಾಡಿ ಹಾಲಿಗೆ ಹಾಕಿಕೊಡಿ.