ಜಿನವಲ್ಲಭನ ಬಂಡೆಗೆ ವಾರಸುದಾರರಿಲ್ಲವೆ?

ಹೈದರಾಬಾದಿನ ಸನತ್‌ನಗರದಂತಹ ಕೈಗಾರಿಕಾ ಬಡಾವಣೆಯಲ್ಲಿ ನೆಲೆಸಿದ ಕನ್ನಡ ಜೈನನು ತೀರ್ಥಯಾತ್ರೆಯ ಮಾತೆತ್ತಿದರೆ ಮೊದಲು ನೆನೆಯುವುದು ಆಲೇರಿನ ಬಳಿಯ ಕೊಲನುಪಾಕವನ್ನು. ದಾರಿ ಸುಗಮ, ಭೋಜನಶಾಲೆಯುಂಟು, ಅಮೃತಶಿಲೆ ಥಳಥಳಿಸುತ್ತದೆ. ಅದರ ಇಮ್ಮಡಿ ದೂರದಲ್ಲಿ, ಕರೀಂನಗರ ಜಿಲ್ಲೆಯ ಗಂಗಾಧರ ಮಂಡಲದ ಕುರಿಕ್ಯಾಲದಲ್ಲಿ, ಬೊಮ್ಮಲಗುಟ್ಟವೆಂಬ ಕಲ್ಲುಗುಡ್ಡವೊಂದಿದೆ. ಅದರ ಹೆಸರನ್ನು ಕೇಳಿದ ಶ್ರಾವಕರು ಎಷ್ಟು ಮಂದಿ?

ಕೇಳಿರಬೇಕಾಗಿತ್ತು. ಸುಮಾರು 945ರಲ್ಲಿ ಆದಿಕವಿ ಪಂಪನ ತಮ್ಮ ಜಿನವಲ್ಲಭನು ಆ ಬಂಡೆಯ ಮೇಲೆ ಜಿನಬಿಂಬಗಳನ್ನೂ ಚಕ್ರೇಶ್ವರಿಯನ್ನೂ ಕಡೆಯಿಸಿ, ಸಂಸ್ಕೃತ, ಕನ್ನಡ, ತೆಲುಗು ಮೂರೂ ಭಾಷೆಗಳಲ್ಲಿ ಶಾಸನ ಬರೆಯಿಸಿದನು. ಪಂಪನ ತಂದೆ ಭೀಮಪಯ್ಯ, ತಾಯಿ ಅಬ್ಬಣಬ್ಬೆ ಎಂಬುದನ್ನು ನಾಡಿಗೆ ತಿಳಿಸಿದ್ದು ಈ ಕಲ್ಲು. ತ್ರಿಭುವನತಿಲಕವೆಂಬ ಬಸದಿ, ಕವಿತಾಗುಣಾರ್ಣವವೆಂಬ ಕೆರೆ, ಮದನವಿಲಾಸವೆಂಬ ತೋಟ ಇವನ್ನು ಮಾಡಿಸಿದ ಸಂಗತಿಯೂ ಅಲ್ಲಿಯೇ ಇದೆ. ಅಣ್ಣನ ಬಿರುದನ್ನು ಕೆರೆಗೆ ಇಟ್ಟ ತಮ್ಮನ ಪ್ರೀತಿಯನ್ನು ಸಾಹಿತ್ಯಚರಿತ್ರೆಯ ಯಾವ ಪುಟವೂ ಇಷ್ಟು ನೇರವಾಗಿ ಹೇಳುವುದಿಲ್ಲ. ಗುಡ್ಡಕ್ಕೆ ಅಂದು ವೃಷಭಗಿರಿಯೆಂದು ಹೆಸರು. ಅಣ್ಣನು ಆದಿಪುರಾಣದಲ್ಲಿ ಹಾಡಿದ್ದು ವೃಷಭನಾಥನನ್ನು. ತಮ್ಮನು ಕಡೆಯಿಸಿದ ಚಕ್ರೇಶ್ವರಿ ಅದೇ ವೃಷಭನಾಥನ ಯಕ್ಷಿ. ತೆಲುಗಿನ ಮೂರು ಕಂದಪದ್ಯಗಳು ಆ ಭಾಷೆಯ ಪ್ರಾಚೀನ ಪದ್ಯರಚನೆಯ ಸಾಕ್ಷಿಗಳಲ್ಲಿ ಸೇರಿವೆ.

ಪಂಪನ ಆಶ್ರಯದಾತ ಇಮ್ಮಡಿ ಅರಿಕೇಸರಿಯ ರಾಜಧಾನಿ ವೇಮುಲವಾಡ ಅಲ್ಲಿಗೆ ಸಮೀಪ. ಸೋಮದೇವಸೂರಿಗಳು 959ರಲ್ಲಿ ಯಶಸ್ತಿಲಕ ಚಂಪುವನ್ನು ಮುಗಿಸಿದ ಗಂಗಾಧರ ಇದೇ ಊರೆಂಬುದು ವಿದ್ವಾಂಸರ ಅಭಿಪ್ರಾಯ. ಎರಡು ಮಹಾಕೃತಿಗಳ ನೆಲ ಇಂದು ಹಾದುಹೋಗುವ ಬಸ್ಸಿನವರಿಗೆ ಒಂದು ಸಾಮಾನ್ಯ ನಿಲ್ದಾಣ, ಅಷ್ಟೇ.

ಸರ್ಕಾರಗಳ ನಡತೆಯನ್ನು ನೋಡಿರಿ. ಶಾಸ್ತ್ರೀಯ ಸ್ಥಾನಮಾನದ ಹೋರಾಟದಲ್ಲಿ ತೆಲುಗಿನವರು ಈ ಬಂಡೆಯನ್ನು ಸಾಕ್ಷಿಯಾಗಿ ಕರೆದರು. 2008ರಲ್ಲಿ ಕನ್ನಡಕ್ಕೂ ತೆಲುಗಿಗೂ ಸ್ಥಾನ ದೊರೆಯಿತು. ಸಾಕ್ಷಿಯ ಯೋಗಕ್ಷೇಮ ವಿಚಾರಿಸುವ ಉತ್ಸಾಹ ಮಾತ್ರ ಅಷ್ಟಕ್ಕೇ ತಣ್ಣಗಾಯಿತು. ಕರ್ನಾಟಕವು 1987ರಿಂದ ಪಂಪ ಪ್ರಶಸ್ತಿಯನ್ನು ಕೊಡುತ್ತ ಬಂದಿದೆ, ಬನವಾಸಿಯಲ್ಲಿ ಉತ್ಸವ ನಡೆಸುತ್ತದೆ. ಪಂಪನ ತಾಯಿಯ ಹೆಸರನ್ನು ಉಳಿಸಿದ ಕಲ್ಲು ಗಡಿಯಾಚೆ ಇದ್ದರೆ ಅದು ಪರರದಾಗುವುದೆ? ಇತ್ತ ಕರೀಂನಗರದ ಕಂದುಬಣ್ಣದ ಗ್ರಾನೈಟು ಹಡಗೇರಿ ಹೊರದೇಶಗಳಿಗೆ ಹೋಗುತ್ತಿದೆ. ಗಣಿಗಾರಿಕೆಯಿಂದ ಬೊಮ್ಮಲಗುಟ್ಟಕ್ಕೆ ಒದಗಿದ ಭೀತಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಸುದ್ದಿಯಾಗಿದೆ. ಬಂಡೆಯಲ್ಲಿ ಕವಿಯ ವಂಶಾವಳಿಯನ್ನು ಕಾಣದ ಕಣ್ಣಿಗೆ ಅದು ಬರಿಯ ಘನಮೀಟರುಗಳ ಲೆಕ್ಕ.

ಆದರೆ ಸರ್ಕಾರವನ್ನು ದೂರಿ ಕೈತೊಳೆದುಕೊಳ್ಳುವುದು ಸಮಾಜಕ್ಕೆ ಸುಲಭದ ದಾರಿ. ಜೈನ ಸಮಾಜದ ಬಳಿ ಹಣವಿಲ್ಲವೆಂದು ಯಾರೂ ಹೇಳಲಾರರು. ಪಂಚಕಲ್ಯಾಣದ ಸವಾಲುಗಳಲ್ಲಿ ಒಂದು ಕಲಶಕ್ಕೆ ಕೂಗುವ ಮೊತ್ತ ಗ್ರಾಮವೊಂದರ ಶಾಸನಗಳನ್ನೆಲ್ಲ ಕಾಪಾಡಬಲ್ಲುದು. ಆ ಹಣವೆಲ್ಲ ಹೊಸ ಶಿಖರಕ್ಕೆ, ಹೊಸ ನೆಲಹಾಸಿಗೆ ಹೋಗುತ್ತದೆ. ಜೀರ್ಣೋದ್ಧಾರವೆಂದರೆ ಹಳೆಯದನ್ನು ಮುಚ್ಚಿ ಹೊಳಪು ಹಚ್ಚುವುದೆಂದೇ ಬಹುಮಂದಿಯ ತಿಳಿವಳಿಕೆ. ಕಲ್ಯಾಣದ ಚಾಲುಕ್ಯರ ಕಾಲದ ಕನ್ನಡ ಶಾಸನಗಳು ದೊರೆತ ಕೊಲನುಪಾಕದಿಂದ ಮರಳುವ ಯಾತ್ರಿಕರಲ್ಲಿ ಆ ಶಾಸನಗಳನ್ನು ಅರಸಿ ನೋಡಿದವರು ವಿರಳ. ದಿಗಂಬರ, ಶ್ವೇತಾಂಬರ ಎಂಬ ಹಕ್ಕಿನ ವ್ಯಾಜ್ಯಗಳಿಗೆ ವಕೀಲರನ್ನು ಹುಡುಕುವ ಟ್ರಸ್ಟುಗಳು ಲಿಪಿ ಓದಬಲ್ಲ ಒಬ್ಬ ತರುಣನಿಗೆ ವಿದ್ಯಾರ್ಥಿವೇತನ ಕೊಡಲು ಠರಾವು ಮಾಡುವುದು ಅಪರೂಪ.

ಬೊಮ್ಮಲಗುಟ್ಟದಲ್ಲಿ ನಿತ್ಯಪೂಜೆಯಿಲ್ಲ, ಅಲ್ಲಿ ಖರ್ಚುಮಾಡಿದರೆ ಪುಣ್ಯವೇನು ಎಂಬ ಆಕ್ಷೇಪ ಬರುವುದುಂಟು. ಶಾಸ್ತ್ರದಾನವನ್ನು ನಾಲ್ಕು ದಾನಗಳಲ್ಲಿ ಎಣಿಸಿದ ಧರ್ಮದವರು ಕೇಳುವ ಪ್ರಶ್ನೆಯೆ ಇದು? ತಾಳೆಗರಿಯ ಶಾಸ್ತ್ರಕ್ಕೆ ರೇಷ್ಮೆವಸ್ತ್ರ ಹೊದಿಸಿ ಕೈಮುಗಿಯುವವರು ಕಲ್ಲಿನ ಶಾಸ್ತ್ರವನ್ನು ಮಳೆಗೂ ಸಿಡಿಮದ್ದಿಗೂ ಬಿಟ್ಟುಕೊಟ್ಟಿದ್ದಾರೆ. ಅಲ್ಲಿಗೆ ಅಮೃತಶಿಲೆ ಬೇಡವೇ ಬೇಡ. ಹೊಸ ಮೂರ್ತಿಯೂ ಬೇಡ.

ಕೇಂದ್ರದ ಸಂರಕ್ಷಿತ ಸ್ಮಾರಕಗಳ ಸುತ್ತ 100 ಮೀಟರು ನಿಷೇಧಿತ ವಲಯ, ಅದರಾಚೆ 200 ಮೀಟರು ನಿಯಂತ್ರಿತ ವಲಯವೆಂದು 2010ರ ಕಾಯ್ದೆ ತಿದ್ದುಪಡಿ ಹೇಳುತ್ತದೆ. ಗುಟ್ಟದ ಸುತ್ತ ಇದಕ್ಕಿಂತ ಕಡಿಮೆಯಿಲ್ಲದ ರಕ್ಷಣೆ ಬೇಕೆಂದು ತೆಲಂಗಾಣ ಸರ್ಕಾರದ ಬಾಗಿಲು ಬಡಿಯುವ ಮೊದಲ ನಿಯೋಗ ಹೈದರಾಬಾದಿನ ಕನ್ನಡ ಜೈನರದೇ ಆಗಬೇಕು. ಶಾಸನದ ಪಾಠವನ್ನು ಮೂರು ಭಾಷೆಗಳಲ್ಲಿ ವಿವರಿಸುವ ಫಲಕ, ತಿಳಿದವರಿಂದ ತೆಗೆಸಿದ ಹೊಸ ಪಡಿಯಚ್ಚು, ಕುರಿಕ್ಯಾಲದವನೇ ಆದ ಒಬ್ಬ ಕಾವಲುಗಾರನ ಸಂಬಳ ಇವುಗಳ ವೆಚ್ಚವನ್ನು ಮುಂದಿನ ಚಾತುರ್ಮಾಸದ ಸಂಗ್ರಹದಿಂದಲೇ ತೆಗೆದಿಡಬಹುದು. ಕೊಲನುಪಾಕಕ್ಕೆ ಹೊರಡುವ ಯಾತ್ರೆಯ ಬಸ್ಸುಗಳಲ್ಲಿ ವರ್ಷಕ್ಕೊಂದಾದರೂ ಸನತ್‌ನಗರದಿಂದ ಕರೀಂನಗರದ ದಾರಿ ಹಿಡಿಯಲಿ.