ಹರಿದ ಕೊಳಕ್ಕೊಂದು ತೇಪೆ

‘ತೇಪೆ’ ಎಂಬ ಪದಕ್ಕೆ ನಮ್ಮ ಸಾರ್ವಜನಿಕ ಮಾತಿನಲ್ಲಿ ಗೌರವ ಉಳಿದಿಲ್ಲ. ಯಾವುದೇ ಅರೆಮನಸ್ಸಿನ ಸರ್ಕಾರಿ ಕೆಲಸವನ್ನು ಟೀಕಿಸಬೇಕಾದಾಗ ‘ಇದು ಬರಿಯ ತೇಪೆ ಹಚ್ಚುವ ಕೆಲಸ’ ಎಂದು ಮೂದಲಿಸುತ್ತೇವೆ. ಆದರೆ ಹಳೆಯ ಸೀರೆಗಳನ್ನು ಜೋಡಿಸಿ ಕೌದಿ ಹೊಲಿದ ಅಜ್ಜಿಯರಿಗೆ, ಮಳೆಗಾಲಕ್ಕೆ ಮುನ್ನ ಊರೂರು ಸುತ್ತಿ ಕೊಡೆ ರಿಪೇರಿ ಮಾಡುತ್ತಿದ್ದವರಿಗೆ, ಇಂದಿಗೂ ರಸ್ತೆಯಂಚಿನಲ್ಲಿ ಕುಳಿತು ಸೈಕಲ್ ಟ್ಯೂಬಿನ ತೂತು ಮುಚ್ಚುವವರಿಗೆ ತೇಪೆ ಹಾಕುವುದು ಒಂದು ವಿದ್ಯೆ. ಆ ವಿದ್ಯೆ ಈಗ ತುರ್ತಾಗಿ ಬೇಕಾಗಿರುವ ಒಂದು ಸ್ಥಳವಿದೆ. ಅದು ನೀರು ನಿಲ್ಲಲೆಂದು ನಾವು ಕೊಳಗಳ ತಳಕ್ಕೆ ಹಾಸಿರುವ ಪ್ಲಾಸ್ಟಿಕ್ ಹಾಳೆ.

ಮೈಸೂರಿನ ಬಡಾವಣೆಗಳಲ್ಲಿ ಮನೆಯಂಗಳದ ಪುಟ್ಟ ಕೊಳ ಈಗ ಅಪರೂಪದ ವಸ್ತುವಲ್ಲ. ಗುಂಡಿ ತೋಡಿ, ಹಾಳೆ ಹಾಸಿ, ತಾವರೆಯನ್ನೋ ನೈದಿಲೆಯನ್ನೋ ನೆಟ್ಟು, ನಾಲ್ಕು ಮೀನು ಬಿಟ್ಟರೆ ಕೊಳ ಸಿದ್ಧ. ನಮ್ಮ ಬೆಟ್ಟದ ತೋಟಗಳಲ್ಲಿ ಇದೇ ಹಾಳೆ ಕೃಷಿ ಹೊಂಡದೊಳಗೆ ಕುಳಿತಿದೆ. 2014ರಲ್ಲಿ ಆರಂಭವಾದ ಕೃಷಿ ಭಾಗ್ಯ ಯೋಜನೆಯಂತೂ ಹೊಂಡದ ಜೊತೆಗೆ ಒಳಹಾಸಿನ ಹಾಳೆಗೂ ಸಹಾಯಧನ ಕೊಟ್ಟಿತು. ನಗರದ ಕೊಳ ಕಣ್ಣಿಗೆ ತಂಪು, ಹಳ್ಳಿಯ ಹೊಂಡ ಬೆಳೆಗೆ ಜೀವ. ಎರಡರ ಗಾತ್ರ, ಉದ್ದೇಶ ಬೇರೆಯಾದರೂ ಹಾಳೆ ಹರಿದಾಗ ಕೇಳಿಬರುವ ಸಲಹೆ ಮಾತ್ರ ಒಂದೇ: ‘ತೆಗೆದು ಬಿಸಾಡಿ, ಹೊಸದು ಹಾಕಿಸಿ.’ ಈ ಸಲಹೆ ಬಹುಪಾಲು ಸಂದರ್ಭಗಳಲ್ಲಿ ತಪ್ಪು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಮೊದಲು ನಷ್ಟದ ಲೆಕ್ಕವನ್ನು ನೋಡೋಣ. ಮೂರು ಮೀಟರ್ ಉದ್ದ, ಎರಡು ಮೀಟರ್ ಅಗಲ, 60 ಸೆಂಟಿಮೀಟರ್ ಆಳದ ಕೊಳವೊಂದರಲ್ಲಿ 3,600 ಲೀಟರ್ ನೀರು ಹಿಡಿಯುತ್ತದೆ. ಸೋರಿಕೆಯಿಂದ ದಿನಕ್ಕೆ ಎರಡು ಸೆಂಟಿಮೀಟರ್ ಇಳಿದರೆ ನಷ್ಟ 120 ಲೀಟರ್. ಮನೆಯವರು ದಿನವೂ ಕೊಳಾಯಿ ತಿರುಗಿಸಿ ಅದನ್ನು ತುಂಬುತ್ತ ಹೋದರೆ, ಒಂದು ತಿಂಗಳಿಗೆ ಒಂದು ಕೊಳದಷ್ಟು ನೀರು ಯಾರಿಗೂ ಕಾಣದಂತೆ ಮಣ್ಣಿಗಿಳಿದಿರುತ್ತದೆ. ಮೈಸೂರಿನ ಕೊಳಾಯಿಗೆ ಬರುವುದು ಕಾವೇರಿ, ಕಬಿನಿಗಳ ನೀರು. ಎರಡೂ ನದಿಗಳು ನಮ್ಮ ಘಟ್ಟಗಳ ಮಳೆಯಿಂದ ಹುಟ್ಟಿದವು; ಆ ನೀರನ್ನು ವಿದ್ಯುತ್ ವ್ಯಯಿಸಿ, ಶುದ್ಧೀಕರಿಸಿ ನಗರಕ್ಕೆ ಏರಿಸಲಾಗುತ್ತದೆ. ಹಳ್ಳಿಯಲ್ಲಾದರೆ ಸೋರಿದ್ದನ್ನು ತುಂಬಲು ಕೊಳಾಯಿಯೇ ಇಲ್ಲ. ಕಾರ್ತಿಕದಲ್ಲಿ ಗಮನಿಸದ ಒಂದು ಗೇಣು ಹರಿತ, ಚೈತ್ರದಲ್ಲಿ ಒಣಗಿದ ಅಡಿಕೆ ಸಸಿಯಾಗಿ ಎದುರು ನಿಲ್ಲುತ್ತದೆ.

ಅರ್ಧ ಸೋರಿ, ಮೀನೂ ಸತ್ತು, ಯಾರೂ ನೋಡದೆ ಬಿಟ್ಟ ಕೊಳ ಇನ್ನೊಂದು ಬಗೆಯ ಅಪಾಯ. ನಿಂತ ತಿಳಿನೀರು ಡೆಂಗೆ ಹರಡುವ ಈಡಿಸ್ ಸೊಳ್ಳೆಗೆ ಹೇಳಿ ಮಾಡಿಸಿದ ತೊಟ್ಟಿಲು. ಬೇಸತ್ತು ಕೊಳವನ್ನು ಬರಿದು ಮಾಡುವವರು ಅದರ ಮೀನು, ಗಿಡಗಳನ್ನು ‘ಬದುಕಿಕೊಳ್ಳಲಿ’ ಎಂಬ ದಯೆಯಿಂದ ಹತ್ತಿರದ ಕೆರೆಗೆ ಸುರಿಯುವುದುಂಟು. ಈ ದಯೆ ಕೆರೆಗೆ ಶಾಪ. ಇಂದು ನಾಡಿನ ಕೆರೆಗಳನ್ನು ಉಸಿರುಗಟ್ಟಿಸುತ್ತಿರುವ, ನೀಲಿ ಹೂವಿನ ತೇಲುಕಳೆ ದಕ್ಷಿಣ ಅಮೆರಿಕದಿಂದ ಅಲಂಕಾರದ ಸಸ್ಯವಾಗಿಯೇ ಲೋಕ ಸುತ್ತಿತು ಎಂಬುದನ್ನು ಮರೆಯಬಾರದು.

ಆದ್ದರಿಂದ ದುರಸ್ತಿಯ ಕ್ರಮವನ್ನು ವಿದ್ಯಾರ್ಥಿಗಳೂ ರೈತರೂ ತಿಳಿದಿರುವುದು ಒಳ್ಳೆಯದು. ನೀರು ಇಳಿಯುತ್ತಿದೆ ಎಂದೊಡನೆ ಹಾಳೆ ಹರಿದಿದೆ ಎಂದು ತೀರ್ಮಾನಿಸಬಾರದು. ಬೇಸಗೆಯ ಬಿಸಿಲೊಂದೇ ದಿನಕ್ಕೆ ಐದಾರು ಮಿಲಿಮೀಟರ್ ನೀರನ್ನು ಕುಡಿಯಬಲ್ಲದು. ಒಂದು ಬಕೆಟ್ಟಿಗೆ ನೀರು ತುಂಬಿ ಕೊಳದೊಳಗಿನ ಕಲ್ಲಿನ ಮೇಲಿಡಿ. ಬಕೆಟ್ಟಿನ ಒಳಗೂ ಹೊರಗೂ ನೀರಿನ ಮಟ್ಟಕ್ಕೆ ಗೆರೆ ಹಾಕಿ. ಮೂರು ದಿನಗಳ ನಂತರ ಎರಡೂ ಸಮನಾಗಿ ಇಳಿದಿದ್ದರೆ ಅದು ಸೂರ್ಯನ ಪಾಲು. ಕೊಳವೇ ಹೆಚ್ಚು ಇಳಿದಿದ್ದರೆ ಅದು ಸೋರಿಕೆ. ಕಾರಂಜಿ ಅಥವಾ ಪಂಪು ಇದ್ದರೆ ಅದನ್ನು ನಿಲ್ಲಿಸಿಯೇ ಈ ಪರೀಕ್ಷೆ ಮಾಡಬೇಕು. ಎಷ್ಟೋ ಬಾರಿ ಕಳ್ಳ ಪೈಪಿನ ಜೋಡಣೆಯಲ್ಲಿರುತ್ತಾನೆ.

ಸೋರಿಕೆ ಖಚಿತವಾದ ಮೇಲೆ ನೀರನ್ನು ಅದರ ಪಾಡಿಗೆ ಇಳಿಯಲು ಬಿಡಿ. ತೀರಾ ತಗ್ಗಿದರೆ ಮೀನುಗಳನ್ನು ಅದೇ ಕೊಳದ ನೀರು ತುಂಬಿದ ತೊಟ್ಟಿಗೆ ಸಾಗಿಸಿ. ಮಟ್ಟ ಎಲ್ಲಿ ಬಂದು ನಿಲ್ಲುತ್ತದೆಯೋ ತೂತು ಅದೇ ಸುತ್ತುಗೆರೆಯಲ್ಲಿರುತ್ತದೆ. ನಿಂತ ನೀರಿನ ಅಂಚಿನಲ್ಲಿ ಒಂದೆರಡು ಹನಿ ಹಾಲು ಬಿಟ್ಟರೆ ಅದರ ಬಿಳಿ ಎಳೆ ತೂತಿನ ಕಡೆಗೆ ಸರಿಯುವುದನ್ನು ಕಣ್ಣಾರೆ ಕಾಣಬಹುದು.

ಹಾಳೆಯ ಜಾತಿ ತಿಳಿಯದೆ ಅಂಟು ಹಚ್ಚುವುದು ವ್ಯರ್ಥ. ಅಂಚಿನಿಂದ ಉಗುರಗಲದ ಚೂರೊಂದನ್ನು ಕತ್ತರಿಸಿ ನೀರಿನಲ್ಲಿ ಪೂರ್ತಿ ಮುಳುಗಿಸಿ ಬಿಡಿ. ಮೇಲೆದ್ದು ತೇಲಿದರೆ ಅದು ಪಾಲಿಥೀನ್ ಕುಲದ್ದು. ಕೃಷಿ ಹೊಂಡಗಳ ಹಾಳೆಗಳು ಬಹುಮಟ್ಟಿಗೆ ಇದೇ ಕುಲದವು. ಇದಕ್ಕೆ ಸಾಮಾನ್ಯ ಅಂಟು ಯಾವುದೂ ಬಹುಕಾಲ ಕಚ್ಚಿಕೊಳ್ಳುವುದಿಲ್ಲ. ಬಿಸಿಗಾಳಿಯ ಯಂತ್ರದಿಂದ ಎರಡೂ ಹಾಳೆಗಳನ್ನು ಮೆದುವಾಗಿಸಿ ಒತ್ತಿ ಬೆಸೆಯುವುದೇ ಶಾಶ್ವತ ದಾರಿ. ಮುಳುಗಿದರೆ ಅದು ಪಿವಿಸಿ ಅಥವಾ ರಬ್ಬರ್ ಹಾಳೆ. ಪಿವಿಸಿಗೆ ಅದರದೇ ಅಂಟು ದೊರೆಯುತ್ತದೆ. ರಬ್ಬರಿಗೆ ಪಂಕ್ಚರ್ ಅಂಗಡಿಯ ಕ್ರಮವೇ ಮಾದರಿ: ಒರೆಸು, ಉಜ್ಜು, ಅಂಟು ಸವರು, ಆರಲು ಬಿಡು, ಆಮೇಲೆ ಒತ್ತು. ಯಾವುದೇ ಹಾಳೆಯಾದರೂ ತೇಪೆ ಹರಿತಕ್ಕಿಂತ ಎಲ್ಲ ದಿಕ್ಕಿನಲ್ಲೂ ಒಂದು ಅಂಗೈಯಷ್ಟು ದೊಡ್ಡದಿರಲಿ. ಚೂಪಾದ ಮೂಲೆಯಿಂದಲೇ ತೇಪೆ ಏಳಲು ತೊಡಗುವುದರಿಂದ ಮೂಲೆಗಳು ದುಂಡಗಿರಲಿ. ಹಾಳೆ ಸಂಪೂರ್ಣ ಒಣಗಿರಬೇಕು. ಸೋಪಿನ ಪುಡಿ ಮೀನಿಗೆ ವಿಷ, ಬಟ್ಟೆ ಮತ್ತು ತಿಳಿನೀರು ಸಾಕು. ಹರಿದಲ್ಲಿ ಸಿಮೆಂಟ್ ಮೆತ್ತುವವರಿದ್ದಾರೆ. ಅದು ಪ್ಲಾಸ್ಟಿಕ್ಕಿಗೆ ಹಿಡಿಯುವುದಿಲ್ಲ, ಒಡೆದು ಎದ್ದಾಗ ಅದರ ಅಂಚೇ ಹಾಳೆಯನ್ನು ಮತ್ತೆ ಕೊಯ್ಯುತ್ತದೆ.

ತೇಪೆ ಹಾಕುವ ಮುನ್ನ ಹಾಳೆಯನ್ನೆತ್ತಿ ಅದರ ಕೆಳಗೆ ನೋಡುವುದು ಎಲ್ಲಕ್ಕಿಂತ ಮುಖ್ಯ. ಹಾಳೆ ಸುಮ್ಮನೆ ಹರಿಯುವುದಿಲ್ಲ. ಕೆಳಗೆ ಚೂಪುಗಲ್ಲು ಇರಬಹುದು, ಬಿದಿರಿನ ಬೇರು ನುಗ್ಗಿರಬಹುದು, ಇಲಿ ಅಥವಾ ಏಡಿ ಬಿಲ ತೋಡಿ ಮಣ್ಣು ಕುಸಿದಿರಬಹುದು. ಜಾರಿಬಿದ್ದ ನಾಯಿಯೋ ಕರುವೋ ಮೇಲೇರಲು ಹೆಣಗಿ ಗೀರಿರಬಹುದು. ಕಾರಣವನ್ನು ಹಾಗೆಯೇ ಬಿಟ್ಟು ತೇಪೆ ಹಾಕಿದರೆ ಅದು ನಿಜಕ್ಕೂ ಬೈಗುಳಕ್ಕೆ ಯೋಗ್ಯವಾದ ತೇಪೆ. ಕಲ್ಲು ಆರಿಸಿ, ಬಿಲ ಮುಚ್ಚಿ, ಮಣ್ಣನ್ನು ದಮ್ಮಸು ಮಾಡಿ, ಮರಳನ್ನೋ ಹಳೆಯ ಗೋಣಿಯನ್ನೋ ಹಾಸಿ, ಆಮೇಲೆ ಹಾಳೆ ಇಳಿಸಬೇಕು. ನೀರಿನ ಮೇಲಿನ ಅಂಚು ಬಿಸಿಲಿಗೆ ಬೇಗ ಶಿಥಿಲವಾಗುವುದರಿಂದ ಅದಕ್ಕೆ ಮಣ್ಣು, ಹುಲ್ಲಿನ ಹೊದಿಕೆ ಇರಲಿ. ತೆಂಗಿನ ನಾರಿನ ಹಗ್ಗ ಕಟ್ಟಿದ ಏಣಿಯೊಂದನ್ನು ಇಳಿಬಿಟ್ಟರೆ ಬಿದ್ದ ಜೀವವೂ ಉಳಿಯುತ್ತದೆ, ಹಾಳೆಯೂ ಉಳಿಯುತ್ತದೆ.

ಹಾಳೆಯೆಂಬುದು ಬರಿಯ ತೊಗಲು, ಕೊಳವನ್ನು ಹೊರುವುದು ಮಣ್ಣು. ಈ ಪಾಠಕ್ಕೆ ಮೈಸೂರಿಗಿಂತ ಒಳ್ಳೆಯ ಶಾಲೆಯಿಲ್ಲ. ಲಿಂಗಾಂಬುಧಿ ಕೆರೆ 1828ರದು, ಕುಕ್ಕರಹಳ್ಳಿ ಕೆರೆ 1864ರದು. ಎರಡೂ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದವು. ಇವುಗಳ ತಳಕ್ಕೆ ಯಾರೂ ಹಾಳೆ ಹಾಸಲಿಲ್ಲ. ಮಳೆನೀರು ಹೊತ್ತು ತಂದ ನುಣುಪು ಜೇಡಿ ವರ್ಷವರ್ಷವೂ ತಳದ ರಂಧ್ರಗಳಲ್ಲಿ ಕುಳಿತು ನೀರು ಹಿಡಿಯಿತು. ಮಾನಸಗಂಗೋತ್ರಿಯಲ್ಲಿ ಓದುವ ನಮ್ಮ ಬೆಟ್ಟದೂರಿನ ಮಕ್ಕಳು ಕುಕ್ಕರಹಳ್ಳಿಯ ಏರಿಯ ಮೇಲೆ ನಡೆಯುವಾಗ ಇದನ್ನು ನೆನೆಯಬೇಕು. ಆದರೆ ಈ ಮಣ್ಣಿನ ಹಾಸೂ ಹರಿಯುತ್ತದೆ. ಹೂಳೆತ್ತುವ ಉತ್ಸಾಹದಲ್ಲಿ ಯಂತ್ರವನ್ನು ಮಿತಿಮೀರಿ ಆಳಕ್ಕಿಳಿಸಿದರೆ ಜೇಡಿಯ ಪದರವೇ ಕಿತ್ತುಬಂದು ಕೆರೆ ತೂತು ಗಡಿಗೆಯಾಗುತ್ತದೆ. ಹಿಂದೆ ಹಳೆಯ ಮೈಸೂರು ಸೀಮೆಯ ಊರುಗಳಲ್ಲಿ ತೂಬು, ಏರಿ, ಕಾಲುವೆಗಳ ಮೇಲೆ ನೀರಗಂಟಿಯ ನಿತ್ಯದ ಕಣ್ಣಿತ್ತು. ಇಂದಿನ ಲೋಕೋಪಯೋಗಿ ಇಲಾಖೆಯನ್ನು ಜನ ‘ಮರಾಮತ್ತು ಇಲಾಖೆ’ ಎಂದು ಕರೆಯುತ್ತಿದ್ದ ಕಾಲವದು. ಮರಾಮತ್ತು ಎಂದರೆ ದುರಸ್ತಿ. ಕಟ್ಟುವುದಷ್ಟೇ ಅಲ್ಲ, ಕಟ್ಟಿದ್ದನ್ನು ಸರಿಯಾಗಿಟ್ಟುಕೊಳ್ಳುವುದೂ ಆಡಳಿತ ಎಂಬ ತಿಳಿವಳಿಕೆ ಆ ಹೆಸರಿನಲ್ಲಿಯೇ ಇತ್ತು. ಅರಮನೆಯ ಬಳಿಯ ದೊಡ್ಡಕೆರೆ ಇಂದು ಮೈದಾನ. ಮುಚ್ಚಿದ ಕೆರೆಗೆ ತೇಪೆ ಹಾಕಲಾಗದು.

ಕೂಲಿಯ ದರ ನೋಡಿದರೆ ಹೊಸ ಹಾಳೆಯೇ ಅಗ್ಗವಲ್ಲವೇ ಎಂದು ಕೇಳುವವರಿದ್ದಾರೆ. ಕೊಂಡ ದಿನದ ಬೆಲೆಯನ್ನಷ್ಟೇ ನೋಡಿದರೆ ಕೆಲವೊಮ್ಮೆ ಹೌದು. ಆದರೆ ಹಳೆಯ ಹಾಳೆಯ ಗತಿಯೇನು? ಅದನ್ನು ಬೇಲಿಯಾಚೆ ಎಸೆದರೆ ಹಳ್ಳ ಸೇರುತ್ತದೆ. ಸುಟ್ಟರೆ, ಪಿವಿಸಿಯ ಹೊಗೆಯಲ್ಲಿ ಡಯಾಕ್ಸಿನ್‌ನಂಥ ಘೋರ ವಿಷವಿರುತ್ತದೆ. ಆ ಬೆಲೆಯನ್ನು ತೆರುವವರು ಯಾರು ಎಂಬ ಪ್ರಶ್ನೆಗೆ ಅಂಗಡಿಯ ರಸೀದಿಯಲ್ಲಿ ಉತ್ತರವಿಲ್ಲ. ಎಲ್ಲ ಹಾಳೆಗೂ ತೇಪೆ ಸಲ್ಲದೆಂಬುದೂ ನಿಜ. ಮಡಚಿದರೆ ಹಪ್ಪಳದಂತೆ ಮುರಿಯುವ ಹಾಳೆಯ ಆಯುಷ್ಯ ಮುಗಿದಿದೆ. ಅಂಥಲ್ಲಿ ಮತ್ತೊಂದು ಹಾಳೆ ತರುವ ಮೊದಲು, ಜೇಡಿಮಣ್ಣು ದೊರೆಯುವ ಜಾಗವಾದರೆ, ಅದನ್ನು ಕಲಸಿ ತುಳಿದು ತಳ ಕಟ್ಟಬಹುದೇ ಎಂದು ಯೋಚಿಸಬೇಕು.

ನಮ್ಮ ಬೇಡಿಕೆಗಳು ಸರಳವಾದವು. ಹೊಸ ಹಾಳೆಗೆ ಕೊಡುವ ಸಹಾಯಧನದ ಒಂದು ಪಾಲು ದುರಸ್ತಿಗೂ ಸಿಗಲಿ. ಉಳುವ, ಒಕ್ಕುವ ಯಂತ್ರಗಳನ್ನು ಬಾಡಿಗೆಗೆ ನೀಡುವ ಕೃಷಿ ಯಂತ್ರಧಾರೆ ಕೇಂದ್ರಗಳಲ್ಲಿ ಹಾಳೆ ಬೆಸೆಯುವ ಬಿಸಿಗಾಳಿ ಯಂತ್ರವೂ ಇರಲಿ. ರೈತ ಸಂಪರ್ಕ ಕೇಂದ್ರಗಳು ಹೋಬಳಿಗೆ ನಾಲ್ವರು ಯುವಕ ಯುವತಿಯರಿಗಾದರೂ ಈ ಕೆಲಸ ಕಲಿಸಲಿ. ಅದು ಊರಿನಲ್ಲಿಯೇ ಉಳಿದು ಮಾಡಬಹುದಾದ ಉದ್ಯೋಗ. ಹಾಳೆ ಮಾರುವವರು ಪ್ರತಿ ಹಾಳೆಯ ಜೊತೆ ತೇಪೆಗೆಂದು ಅದರದೇ ಒಂದು ತುಂಡನ್ನು ಕೊಡಲಿ, ಕೊಡದಿದ್ದರೆ ನಾವೇ ಕೇಳಿ ಪಡೆಯೋಣ. ಮೈಸೂರಿನ ಕಾಲೇಜುಗಳ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಗಳು ಗಿಡ ನೆಡುವುದರ ಜೊತೆಗೆ ಒಂದು ದಿನವನ್ನು ಸೋರುವ ಕೊಳ, ತೊಟ್ಟಿಗಳ ದುರಸ್ತಿಗೆ ಮೀಸಲಿಡಲಿ.

ಇಲಾಖೆಗಳ ದಾರಿ ಕಾಯದೆ ನಾವು ಮಾಡಬಹುದಾದದ್ದೂ ಇದೆ. ದೀಪಾವಳಿ ಕಳೆದು ಮಳೆ ಹಿಂದೆ ಸರಿದೊಡನೆ ಪ್ರತಿಯೊಬ್ಬರೂ ತಮ್ಮ ಹೊಂಡದಲ್ಲಿ, ಕೊಳದಲ್ಲಿ ನೀರಿನ ಮಟ್ಟಕ್ಕೆ ಒಂದು ಗೆರೆ ಎಳೆಯಲಿ. ಸೋರಿಕೆ ಮೇಲಂಚಿನಲ್ಲಿದ್ದರೆ ಆಗಲೇ ಮುಚ್ಚಬಹುದು. ತಳದಲ್ಲಿದ್ದರೆ ಬೇಸಗೆಯ ಕೊನೆಗೆ, ಕೊಳ ಬರಿದಾಗಿ ಹಾಳೆ ಒಣಗಿದ ದಿನಗಳಲ್ಲಿ, ಮೊದಲ ಮಳೆ ಬೀಳುವ ಮುನ್ನ ಕೆಲಸ ಮುಗಿಯಬೇಕು. ಒಂದು ಬಕೆಟ್ಟು, ಒಂದು ಗೆರೆ, ಒಂದು ತುಂಡು ಹಾಳೆ, ಅರ್ಧ ದಿನದ ಬಿಡುವು: ಇಷ್ಟರಿಂದ ಮುಂದಿನ ಬೇಸಗೆಯ ನೀರು ಉಳಿಯುತ್ತದೆ.