ಸಿ-ಆರ್ಮ್ ಮತ್ತು ಕ್ಯಾಥ್‌ಲ್ಯಾಬ್ ಕೊಠಡಿಗಳ ವಿಕಿರಣ ಸುರಕ್ಷತೆ: ಮನವಿ ಪತ್ರ

ಇವರಿಗೆ,
ಪ್ರಧಾನ ಕಾರ್ಯದರ್ಶಿಗಳು,
ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆ,
ಕರ್ನಾಟಕ ಸರ್ಕಾರ, ಬೆಂಗಳೂರು

ವಿಷಯ: ಎಕ್ಸ್-ರೇ ಚಿತ್ರ ನೋಡಿಕೊಂಡು ನಡೆಸುವ ಚಿಕಿತ್ಸೆಗಳಲ್ಲಿ ಸಿಬ್ಬಂದಿ ಮತ್ತು ರೋಗಿಗಳಿಗೆ ತಗಲುವ ವಿಕಿರಣವನ್ನು ಅಳೆದು ದಾಖಲಿಸುವ ಕುರಿತು.

ಮಾನ್ಯರೇ,

ಮುರಿದ ತೊಡೆಮೂಳೆಗೆ ರಾಡ್ ಹಾಕುವಾಗ, ಹೃದಯಕ್ಕೆ ಸ್ಟೆಂಟ್ ಕೂರಿಸುವಾಗ ವೈದ್ಯರು ಸಿ-ಆರ್ಮ್ ಅಥವಾ ಕ್ಯಾಥ್‌ಲ್ಯಾಬ್ ಯಂತ್ರದಿಂದ ಮತ್ತೆ ಮತ್ತೆ ಎಕ್ಸ್-ರೇ ಹಾಯಿಸಿ ನೋಡಲೇಬೇಕು. ಆ ಕಿರಣ ರೋಗಿಯ ಮೈಯಿಂದ ಚದುರಿ ಸುತ್ತ ನಿಂತವರ ಮೇಲೂ ಬೀಳುತ್ತದೆ. ದೂರ ಎರಡು ಪಟ್ಟಾದರೆ ಅದು ಸುಮಾರು ಕಾಲುಭಾಗಕ್ಕೆ ಇಳಿಯುತ್ತದೆ. ಆದರೆ ರೋಗಿಯ ಕಾಲನ್ನು ಎಳೆದು ಹಿಡಿದ ಡಿ ಗ್ರೂಪ್ ನೌಕರ ದೂರ ಸರಿಯುವುದು ಹೇಗೆ? ನಮ್ಮಲ್ಲಿ ಈ ಕೆಲಸ ಮಾಡುವ ಹೊರಗುತ್ತಿಗೆಯವರಲ್ಲಿ ಅನೇಕರಿಗೆ ವಿಕಿರಣ ಅಳೆಯುವ ಟಿಎಲ್‌ಡಿ ಬ್ಯಾಡ್ಜ್ ಕೊಟ್ಟಿಲ್ಲ. ಮುಂದೆ ಕಣ್ಣಿಗೆ ಪೊರೆ ಬಂದರೆ, ಅದಕ್ಕೆ ಕೆಲಸವೇ ಕಾರಣವಿರಬಹುದೆಂದು ಹೇಳಲು ಅವರ ಬಳಿ ಒಂದು ಕಾಗದವೂ ಇರುವುದಿಲ್ಲ.

ಕಣ್ಣಿನ ಮಸೂರಕ್ಕೆ ವರ್ಷಕ್ಕೆ 150 ಮಿಲಿಸೀವರ್ಟ್ ಎಂದಿದ್ದ ಮಿತಿಯನ್ನು ಐದು ವರ್ಷಗಳ ಸರಾಸರಿಯಲ್ಲಿ 20ಕ್ಕೆ ಇಳಿಸಬೇಕೆಂದು ಅಂತರರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗ 2011ರಲ್ಲೇ ಹೇಳಿದೆ. ಸೀಸದ ಏಪ್ರನ್ ಒಳಗೆ ಎದೆಯ ಬಳಿ ಧರಿಸುವ ಬ್ಯಾಡ್ಜ್‌ನಿಂದ ಕಣ್ಣಿಗೆ ಬಿದ್ದದ್ದು ಎಷ್ಟೆಂದು ತಿಳಿಯುವುದಿಲ್ಲ.

ರೋಗಿಗಳ ಸ್ಥಿತಿ ಇನ್ನೂ ನೋವಿನದು. ದೀರ್ಘ ಆಂಜಿಯೋಪ್ಲಾಸ್ಟಿಯಲ್ಲಿ ಬೆನ್ನಿನ ಒಂದೇ ಜಾಗಕ್ಕೆ ಕಿರಣ ಬಿದ್ದು ಡೋಸ್ 2 ಗ್ರೇ ದಾಟಿದರೆ ಚರ್ಮ ಕೆಂಪಾಗಬಹುದು. ಇನ್ನೂ ಹೆಚ್ಚಾದರೆ ಹುಣ್ಣಾಗಬಹುದು. ಹುಣ್ಣು ಕಾಣಿಸಿಕೊಳ್ಳುವುದು ವಾರಗಳ ಮೇಲೆ, ಕೆಲವೊಮ್ಮೆ ತಿಂಗಳುಗಳ ಮೇಲೆ. ಅಷ್ಟರಲ್ಲಿ ರೋಗಿ ಊರು ಸೇರಿರುತ್ತಾರೆ. ಅಲ್ಲಿನ ವೈದ್ಯರಿಗೆ ವಿಕಿರಣದ ವಿಷಯವೇ ತಿಳಿದಿರುವುದಿಲ್ಲ, ಗಜಕರ್ಣವೆಂದೋ ಹಾಸಿಗೆ ಹುಣ್ಣೆಂದೋ ಮುಲಾಮು ಬರೆದುಕೊಡುತ್ತಾರೆ. ಇಂದಿನ ಕ್ಯಾಥ್‌ಲ್ಯಾಬ್ ಯಂತ್ರಗಳು ಡೋಸನ್ನು ಪರದೆಯ ಮೇಲೆಯೇ ತೋರಿಸುತ್ತವೆ. ಅದನ್ನು ಡಿಸ್ಚಾರ್ಜ್ ಸಾರಾಂಶದಲ್ಲಿ ಬರೆಯಲು ಒಂದು ಸಾಲು ಸಾಕು. ಅದನ್ನು ಕಡ್ಡಾಯ ಮಾಡಿ. 5 ಗ್ರೇ ದಾಟಿದವರನ್ನು ಆಸ್ಪತ್ರೆಯೇ ಕರೆಸಿ ಬೆನ್ನು ಪರೀಕ್ಷಿಸಲಿ. ಇದೇ ನಮ್ಮ ಮೊದಲ ಬೇಡಿಕೆ.

ಎರಡನೆಯದಾಗಿ, ಕಾಯಂ, ಗುತ್ತಿಗೆ ಎಂಬ ಭೇದವಿಲ್ಲದೆ ಸಿ-ಆರ್ಮ್ ಇರುವ ಕೊಠಡಿಯಲ್ಲಿ ದುಡಿಯುವ ಪ್ರತಿಯೊಬ್ಬರಿಗೂ ಬ್ಯಾಡ್ಜ್ ಕೊಡಬೇಕು. ಅದರ ವರದಿಯ ಪ್ರತಿ ನೌಕರರ ಕೈಸೇರಬೇಕು. ಮೇಜಿನ ಬಳಿ ನಿಲ್ಲುವವರಿಗೆ ಸೀಸದ ಕನ್ನಡಕ, ಥೈರಾಯ್ಡ್ ಕಾಲರ್ ಒದಗಿಸಬೇಕು. ಏಪ್ರನ್‌ಗಳನ್ನು ಮಡಿಸಿಟ್ಟರೆ ಒಳಪದರ ಬಿರುಕು ಬಿಡುತ್ತದೆ, ಹೊರಗೆ ಕಾಣುವುದಿಲ್ಲ. ಅವುಗಳನ್ನು ತೂಗುಹಾಕಲು ಸ್ಟ್ಯಾಂಡ್ ಕೊಡಿಸಿ, ವರ್ಷಕ್ಕೊಮ್ಮೆ ಎಕ್ಸ್-ರೇಯಲ್ಲಿಟ್ಟು ಪರೀಕ್ಷಿಸಬೇಕು. ಗರ್ಭಿಣಿಯೆಂದು ತಿಳಿಸಿದ ಸಹೋದ್ಯೋಗಿಗೆ ವೇತನ ಕಡಿತವಿಲ್ಲದೆ ಬೇರೆ ಕೆಲಸ ಕೊಡಬೇಕು. ಖಾಸಗಿ ಆಸ್ಪತ್ರೆಗಳಲ್ಲಿ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಯಡಿಯ ನೋಂದಣಿ ನವೀಕರಿಸುವಾಗ ಡೋಸ್ ದಾಖಲೆ ಪುಸ್ತಕವನ್ನೂ ತಪಾಸಣೆ ಮಾಡಬೇಕು.

ಈ ಬಗ್ಗೆ ಸುತ್ತೋಲೆ ಹೊರಡಿಸುವ ಮುನ್ನ ನಮ್ಮ ಪ್ರತಿನಿಧಿಗಳನ್ನು ಕರೆಸಿ ಚರ್ಚಿಸಬೇಕೆಂದು ಕೋರುತ್ತೇವೆ.

ತಮ್ಮ ವಿಶ್ವಾಸಿಗಳು,
ಸಿ-ಆರ್ಮ್ ಮತ್ತು ಕ್ಯಾಥ್‌ಲ್ಯಾಬ್ ತಂತ್ರಜ್ಞರು, ಶುಶ್ರೂಷಾಧಿಕಾರಿಗಳು ಹಾಗೂ ಡಿ ಗ್ರೂಪ್ ನೌಕರರು